ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು: ಮನೆಮದ್ದಿನಿಂದ ನಿಜವಾಗಿ ಯಾರಿಗೆ ಕಡಿಮೆಯಾಗಿದೆ?

ನೀಲಿಶಾಯಿ
ಎರಡೂ ಕಿವಿಗಳಲ್ಲಿ ತೆಳುವಾದ, ಏರುದನಿಯ ಒಂದೇ ಸದ್ದು. ಹಗಲು ಕೆಲಸದ ಗಡಿಬಿಡಿಯಲ್ಲಿ ಹೇಗೋ ಮರೆತುಹೋಗುತ್ತದೆ. ರಾತ್ರಿ ದೀಪ ಆರಿಸಿ ಮಲಗಿದರೆ ಅದೊಂದೇ ಕೇಳಿಸುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ವೈದ್ಯರಿಗೆ ತೋರಿಸಿದೆ. ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಏನೂ ಇಲ್ಲ, ಇದರ ಜೊತೆಗೇ ಬದುಕುವುದನ್ನು ಕಲಿಯಿರಿ" ಎಂದು ಹೇಳಿ ಕಳುಹಿಸಿದರು. ಹೇಗೆ ಕಲಿಯಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ.

ಈಗ ಕಂಡವರೆಲ್ಲ ಒಂದೊಂದು ಮದ್ದು ಹೇಳುತ್ತಿದ್ದಾರೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಈರುಳ್ಳಿ ರಸ, ಗಿಂಕ್ಗೊ ಮಾತ್ರೆ, ಉಪ್ಪು ಬಿಡು, ಕಾಫಿ ಬಿಡು, ಹಿಂದಲೆಗೆ ಬೆರಳಿನಿಂದ ತಟ್ಟು. ಯಾವುದನ್ನು ನಂಬಲಿ? ಇದನ್ನು ಸ್ವತಃ ಅನುಭವಿಸಿದವರು ಅಥವಾ ಹತ್ತಿರದಿಂದ ಕಂಡವರು ಹೇಳಿದರೆ ಉಪಕಾರವಾಗುತ್ತದೆ.

ಹಸಿರುಬಾಗಿಲು
ಬೆಳ್ಳುಳ್ಳಿ ಎಣ್ಣೆಯೇ ಮದ್ದು. ನಮ್ಮ ಅಮ್ಮನಿಗೆ ಮಲಗುವ ಮುಂಚೆ ಹಾಕಿದೆವು, ವಾರದೊಳಗೆ ಸದ್ದು ನಿಂತಿತು. ಬೇರೆ ಯಾವುದೂ ಬೇಕಾಗಲಿಲ್ಲ.

ಪ್ರಶ್ನೆಗಾರ
ಒಬ್ಬರಿಗೆ ವಾಸಿಯಾಯಿತು ಎಂದ ಮಾತ್ರಕ್ಕೆ ಎಲ್ಲರಿಗೂ ಅದೇ ಮದ್ದೇ? ಅಮ್ಮನವರ ಕಿವಿಯಲ್ಲಿ ಏನಿತ್ತು ಎಂದು ಯಾರಾದರೂ ನೋಡಿದ್ದರೇ?

ಕಿವಿಮಾತು
ನಾನು ಶ್ರವಣ ಪರೀಕ್ಷೆ ಮಾಡುವ ವೃತ್ತಿಯಲ್ಲಿದ್ದೇನೆ. ದಿನವೂ ಕೇಳುವ ದೂರು ಇದು. ವಯಸ್ಕರಲ್ಲಿ 100ಕ್ಕೆ 10ರಿಂದ 15 ಜನರಿಗೆ ಕಿವಿಮೊರೆತ, ಅಂದರೆ ಕಿವಿಯಲ್ಲಿ ಹೀಗೆ ಸದ್ದು ಕೇಳಿಸುವುದು, ಇರುತ್ತದೆ. ಹೆಚ್ಚಿನವರಿಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ, ಕೆಲವರಿಗೆ ಮಾತ್ರ ನಿದ್ದೆ, ನೆಮ್ಮದಿ ಎರಡೂ ಹೋಗುತ್ತವೆ. ನೀಲಿಶಾಯಿ ಅವರೇ, ನಿಮ್ಮ ಸಂಕಟ ಸುಳ್ಳಲ್ಲ.

ಮೊದಲು ಎಣ್ಣೆಯ ವಿಷಯ. ಬೆಳ್ಳುಳ್ಳಿ ರಸವಾಗಲಿ, ಈರುಳ್ಳಿ ರಸವಾಗಲಿ ದಯವಿಟ್ಟು ಕಿವಿಗೆ ಬಿಡಬೇಡಿ. ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ, ಕಿವಿಯ ಕಾಲುವೆಯ ಚರ್ಮವಂತೂ ತೀರಾ ತೆಳು. ಕಿವಿಯ ತಮಟೆಯಲ್ಲಿ ತೂತಿದ್ದರೆ ಹಾಕಿದ್ದೆಲ್ಲ ನಡುಗಿವಿಗೆ ಇಳಿಯುತ್ತದೆ.

ಇನ್ನು ಸದ್ದು ಎಲ್ಲಿಂದ ಬರುತ್ತದೆ ಎಂದರೆ, ಒಳಕಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳಿರುತ್ತವೆ. ವಯಸ್ಸಿನಿಂದಲೋ ಅಬ್ಬರದ ಸದ್ದಿನಿಂದಲೋ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರುವ ಸಂಕೇತ ಕುಗ್ಗಿದಾಗ ಮಿದುಳು ಅದನ್ನು ಹಿಡಿಯಲು ತನ್ನ ಸೂಕ್ಷ್ಮತೆಯನ್ನು ಏರಿಸಿಕೊಳ್ಳುತ್ತದೆ. ನಿಲ್ದಾಣ ಸರಿಯಾಗಿ ಸಿಗದ ರೇಡಿಯೋದ ವಾಲ್ಯೂಮ್ ಏರಿಸಿದರೆ ಗೊರಗೊರ ಸದ್ದೂ ಏರುತ್ತದಲ್ಲ, ಹಾಗೆ. ತಜ್ಞರಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ ಇದು. ಈಗ ಯೋಚಿಸಿ, ಎಣ್ಣೆ ತಮಟೆಯ ಈಚೆಗೇ ನಿಂತುಬಿಡುತ್ತದೆ. ಅದು ಅಲ್ಲಿಗೆ ತಲುಪುವುದಾದರೂ ಹೇಗೆ?

ಹಸಿರುಬಾಗಿಲು
ಹಾಗಾದರೆ ಅಮ್ಮನಿಗೆ ವಾಸಿಯಾದದ್ದು ಹೇಗೆ? ಅವರಿಗೆ ಮೊದಲು ಕೇಳುತ್ತಿದ್ದುದೂ ನಿಜ, ಆಮೇಲೆ ನಿಂತದ್ದೂ ನಿಜ. ಮನೆಮದ್ದು ಎಂದ ಕೂಡಲೇ ತಳ್ಳಿಹಾಕುವುದು ನಿಮ್ಮ ವೃತ್ತಿಯವರಿಗೆ ಅಭ್ಯಾಸವಾಗಿದೆ.

ಕಿವಿಮಾತು
ತಳ್ಳಿಹಾಕುತ್ತಿಲ್ಲ. ಅಮ್ಮನವರಿಗೆ ವಾಸಿಯಾದದ್ದನ್ನು ನಂಬುತ್ತೇನೆ, ಅದಕ್ಕೆ ಕಾರಣವೂ ಇರಬಹುದು. ಗಟ್ಟಿಯಾದ ಗುಗ್ಗೆ ಕಾಲುವೆಯನ್ನು ಮುಚ್ಚಿದರೆ ಹೊರಗಿನ ಸದ್ದು ಕುಗ್ಗುತ್ತದೆ, ಒಳಗಿನದು ಎದ್ದು ಕೇಳಿಸುತ್ತದೆ. ಎಣ್ಣೆ ಗುಗ್ಗೆಯನ್ನು ಮೆತ್ತಗೆ ಮಾಡುತ್ತದೆ, ಅದು ತಾನಾಗಿ ಹೊರಬಂದರೆ ಮೊರೆತವೂ ಹೋಗುತ್ತದೆ. ಕೆಲಸ ಮಾಡಿದ್ದು ಎಣ್ಣೆ, ಬೆಳ್ಳುಳ್ಳಿಯಲ್ಲ. ಗುಗ್ಗೆಗೆ ಆಲಿವ್ ಎಣ್ಣೆ ಅಥವಾ ಸೋಡಿಯಂ ಬೈಕಾರ್ಬನೇಟ್ ಹನಿಗಳನ್ನು ವೈದ್ಯರೂ ಹೇಳುತ್ತಾರೆ. ಆದರೆ ತಮಟೆ ಸರಿಯಾಗಿದೆ ಎಂದು ಯಾರಾದರೂ ನೋಡಿದ ಮೇಲೆ ಮಾತ್ರ. ಹನಿ ಮೈಬಿಸಿಯಷ್ಟೇ ಇರಬೇಕು. ತಣ್ಣಗಿದ್ದರೂ ಬಹಳ ಬಿಸಿಯಿದ್ದರೂ ತಲೆ ಗಿರ್ರನೆ ತಿರುಗುತ್ತದೆ, ಒಳಕಿವಿಯ ಸಮತೋಲನದ ಅಂಗ ಶಾಖಕ್ಕೆ ಅಷ್ಟು ಬೇಗ ಸ್ಪಂದಿಸುತ್ತದೆ.

ನೀಲಿಶಾಯಿ ಅವರ ಕಿವಿಯಲ್ಲಿ ಏನೂ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಗುಗ್ಗೆಯೇ ಇಲ್ಲದ ಕಿವಿಗೆ ಎಣ್ಣೆ ಏತಕ್ಕೆ?

ಹಸಿರುಬಾಗಿಲು
ಗುಗ್ಗೆ ಇದ್ದಿರಬಹುದು, ಒಪ್ಪೋಣ. ಆದರೆ ಸುಶ್ರುತ ಸಂಹಿತೆಯಲ್ಲಿ 28 ಕರ್ಣರೋಗಗಳ ಪಟ್ಟಿಯೇ ಇದೆ, ಅದರಲ್ಲಿ ಕರ್ಣನಾದವೂ ಒಂದು. ಅಷ್ಟು ಹಿಂದೆಯೇ ನೋಡಿ ಬರೆದವರ ಮಾತಿಗೆ ಬೆಲೆಯಿಲ್ಲವೇ?

ಪ್ರಶ್ನೆಗಾರ
ರೋಗವನ್ನು ಗುರುತಿಸಿದ್ದಕ್ಕೆ ಗೌರವವಿದೆ. ಆದರೆ ಆ ಪರಂಪರೆಯಲ್ಲೂ ಕಿವಿ ನೋಡಿ, ರೋಗ ಯಾವುದೆಂದು ತಿಳಿದ ಮೇಲೆ ತೈಲ. ನಾವು ಮಾಡುತ್ತಿರುವುದು ನೋಡದೆಯೇ ಸುರಿಯುವುದು.

ಬೆಳ್ಳಿಚುಕ್ಕಿ
ಇಯರ್ ಕ್ಯಾಂಡಲ್ ಬಗ್ಗೆ ಯಾರಾದರೂ ಹೇಳಿ. ಕಿವಿಗೆ ಮೇಣದ ಕೊಳವೆ ಇಟ್ಟು ಹಚ್ಚಿದರೆ ಗುಗ್ಗೆಯನ್ನು ಎಳೆದುಕೊಳ್ಳುತ್ತದೆಯಂತೆ.

ಕಿವಿಮಾತು
ಎಳೆಯುವುದಿಲ್ಲ. 1996ರಲ್ಲೇ ಅಳೆದು ನೋಡಿದ್ದಾರೆ, ಯಾವ ಹೀರುವ ಒತ್ತಡವೂ ಉಂಟಾಗುವುದಿಲ್ಲ. ಉರಿದ ಮೇಲೆ ಕೊಳವೆಯೊಳಗೆ ಕಂದು ಬಣ್ಣದಲ್ಲಿ ಕಾಣುವುದು ಆ ಮೇಣದ್ದೇ ಉಳಿಕೆ. ಬಿಸಿ ಮೇಣ ತೊಟ್ಟಿಕ್ಕಿ ತಮಟೆಗೆ ಅಂಟಿದ ಪ್ರಕರಣಗಳಿವೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ವಿರುದ್ಧ ಎಚ್ಚರಿಕೆಯನ್ನೂ ಕೊಟ್ಟಿದೆ. ಹತ್ತಿ ಕಡ್ಡಿಯನ್ನೂ ಬಿಡಿ, ಅದು ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ.

ಔಷಧದಕಪಾಟು
ಮದ್ದು ಹುಡುಕುವ ಮುಂಚೆ ನೀವು ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ಕೈಗೆ ತೆಗೆದುಕೊಳ್ಳಿ. ಕೆಲವು ಔಷಧಗಳೇ ಕಿವಿಯಲ್ಲಿ ಸದ್ದು ಹುಟ್ಟಿಸುತ್ತವೆ. ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಮಲೇರಿಯಾಕ್ಕೆ ಕೊಡುವ ಕ್ವಿನೈನ್, ಜೆಂಟಾಮೈಸಿನ್ ಗುಂಪಿನ ಚುಚ್ಚುಮದ್ದು, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್. ಆಸ್ಪಿರಿನ್ ತಂದ ಸದ್ದು ಪ್ರಮಾಣ ಇಳಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಸಿಸ್‌ಪ್ಲಾಟಿನ್, ಜೆಂಟಾಮೈಸಿನ್ ಮಾಡಿದ ಹಾನಿ ಬಹುಪಾಲು ಉಳಿದೇ ಬಿಡುತ್ತದೆ. ಹೃದಯಕ್ಕೆಂದು ದಿನಕ್ಕೊಂದು ಸಣ್ಣ ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಅಷ್ಟು ಕಡಿಮೆ ಪ್ರಮಾಣದಿಂದ ಹೀಗಾಗುವುದು ಅಪರೂಪ, ನಿಲ್ಲಿಸುವುದೇ ಹೆಚ್ಚು ಅಪಾಯ. ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ನೀಲಿಶಾಯಿ
ನಾನು ನಿತ್ಯ ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ. ಗಿಂಕ್ಗೊ ಹೇಗೆ? ಅದು ಎಲೆಯಿಂದ ಮಾಡಿದ್ದು, ತೊಂದರೆ ಇಲ್ಲ ಎನ್ನುತ್ತಾರೆ.

ಔಷಧದಕಪಾಟು
ಎಲೆಯಿಂದ ಮಾಡಿದ್ದೆಲ್ಲ ನಿರಪಾಯ ಎಂಬ ನಂಬಿಕೆಯನ್ನು ಮೊದಲು ಬಿಡೋಣ. ಕ್ವಿನೈನ್ ಕೂಡ ಮರದ ತೊಗಟೆಯಿಂದಲೇ ಬಂದದ್ದು. ಗಿಂಕ್ಗೊ ಮೇಲೆ ಸಾಕಷ್ಟು ಪ್ರಯೋಗಗಳಾಗಿವೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಅವನ್ನೆಲ್ಲ ನೋಡಿ, ಕಿವಿಮೊರೆತದಲ್ಲಿ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಎಂದಿತು. ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2014ರ ಮಾರ್ಗಸೂಚಿ ಗಿಂಕ್ಗೊ, ಸತು, ಮೆಲಟೋನಿನ್ ಯಾವುದನ್ನೂ ಇದಕ್ಕೆಂದು ಕೊಡಬೇಡಿ ಎನ್ನುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಗಿಂಕ್ಗೊದಿಂದ ರಕ್ತಸ್ರಾವದ ಅಪಾಯವೂ ಇದೆ.

ಕಡಲದಂಡೆ
ಕಾಫಿ ಬಿಟ್ಟರೆ ಕಡಿಮೆಯಾಗುತ್ತದೆ. ಇದನ್ನು ಎಲ್ಲ ಕಡೆ ಬರೆದಿರುತ್ತಾರೆ.

ಪ್ರಶ್ನೆಗಾರ
ಎಲ್ಲ ಕಡೆ ಬರೆದಿರುವುದು ನಿಜ, ಆದರೆ ಆಧಾರ ಎಲ್ಲಿ? 65,000ಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹೆಚ್ಚು ಕೆಫೀನ್ ಸೇವಿಸುವವರಲ್ಲಿ ಕಿವಿಮೊರೆತ ಕಾಣಿಸಿಕೊಳ್ಳುವುದು ಸ್ವಲ್ಪ ಕಡಿಮೆಯೇ ಇತ್ತು.

ಕಡಲದಂಡೆ
ಅಂದರೆ ಕಾಫಿ ಕುಡಿದರೆ ವಾಸಿಯಾಗುತ್ತದೆ ಎನ್ನುತ್ತೀರಾ?

ಪ್ರಶ್ನೆಗಾರ
ಇಲ್ಲ. ಬಿಟ್ಟೇ ತೀರಬೇಕು ಎಂದು ಹೇಳಲು ಆಧಾರವಿಲ್ಲ ಎನ್ನುತ್ತಿದ್ದೇನೆ, ಅಷ್ಟೇ. ಒಮ್ಮೆಲೇ ಬಿಟ್ಟರೆ ತಲೆನೋವು, ಕಿರಿಕಿರಿ ಶುರುವಾಗುತ್ತವೆ, ಆಗ ಮೊರೆತ ಇನ್ನೂ ಕಾಡುತ್ತದೆ. ಸಂಜೆಯ ಮೇಲೆ ಕುಡಿದರೆ ನಿದ್ದೆ ಕೆಡುವವರು ಆ ಹೊತ್ತಿನದನ್ನು ಬಿಟ್ಟರೆ ಸಾಕು.

ಕಿವಿಮಾತು
ಉಪ್ಪಿನದೂ ಹಾಗೆಯೇ. ಮೆನಿಯೇರ್ ಕಾಯಿಲೆ ಇದ್ದವರಿಗೆ, ಅಂದರೆ ಮೊರೆತದ ಜೊತೆಗೆ ಕಿವಿ ತುಂಬಿದ ಭಾವ, ಬಂದುಹೋಗುವ ಕಿವುಡು, ಗಂಟೆಗಟ್ಟಲೆ ತಲೆಸುತ್ತು ಇರುವವರಿಗೆ ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳುವುದುಂಟು. ಉಳಿದವರ ಮೊರೆತಕ್ಕೂ ಉಪ್ಪಿಗೂ ನಂಟಿಲ್ಲ.

ಇರುಳುಪಾಳಿ
ಇಷ್ಟು ಹೊತ್ತು ಯಾವುದು ಬೇಡ ಎಂಬುದೇ ಆಯಿತು. ಪ್ರಶ್ನೆ ಕೇಳಿದವರು ಇವತ್ತು ರಾತ್ರಿ ಮಲಗಬೇಕಲ್ಲ, ಅದಕ್ಕೆ ದಾರಿ ಹೇಳೋಣ.

ನನಗೆ ಇದು ಬಹಳ ವರ್ಷಗಳಿಂದ ಇದೆ, ಈಗಲೂ ಇದೆ. ಈ ಸಾಲು ಬರೆಯುವಾಗ ಕಿವಿಗೊಟ್ಟರೆ ಕೇಳಿಸುತ್ತದೆ, ಬರವಣಿಗೆಯಲ್ಲಿ ಮುಳುಗಿದರೆ ಇಲ್ಲ. ಆರಂಭದಲ್ಲಿ ನಾನೂ ಮೌನವನ್ನು ಹುಡುಕಿಕೊಂಡು ಹೋದೆ. ಕಿಟಕಿ ಮುಚ್ಚುವುದು, ಕಿವಿಗೆ ಹತ್ತಿ ಇಡುವುದು, ಒಬ್ಬನೇ ಕೂರುವುದು. ಸದ್ದು ಬೆಳೆಯುತ್ತಲೇ ಹೋಯಿತು. ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು, "ಮೌನ ನಿನ್ನ ಶತ್ರು, ಕೋಣೆಯಲ್ಲಿ ಏನಾದರೂ ಸದ್ದು ಇಟ್ಟುಕೊಂಡು ಮಲಗು" ಎಂದು.

ನಾನು ಮಾಡುವ ಕ್ರಮ ಇದು. ಮೊಬೈಲಿನಲ್ಲಿ ಮಳೆಯ ಸದ್ದನ್ನು ಹಚ್ಚಿ, ಹಾಸಿಗೆಯಿಂದ ಒಂದೆರಡು ಮಾರು ದೂರ ಇಡುತ್ತೇನೆ. ಮೊದಲು ನನ್ನ ಕಿವಿಯ ಸದ್ದು ಪೂರ್ತಿ ಮುಳುಗುವಷ್ಟು ಏರಿಸಿ, ಅಲ್ಲಿಂದ ಮೆಲ್ಲಗೆ ಇಳಿಸುತ್ತಾ ಬರುತ್ತೇನೆ. ಮೊರೆತ ಮಳೆಯ ಅಡಿಯಿಂದ ಮತ್ತೆ ಇಣುಕಲು ಶುರುವಾಗುವ ಒಂದು ಹಂತವಿದೆ. ಅಲ್ಲಿ ನಿಲ್ಲಿಸುತ್ತೇನೆ. ಎರಡೂ ಕೇಳಿಸಬೇಕು, ಎರಡೂ ಬೆರೆಯಬೇಕು. ಪೂರ್ತಿ ಮುಚ್ಚಿಬಿಟ್ಟರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಆದರೆ ಮಿದುಳಿಗೆ ಅದರ ಜೊತೆ ಪಳಗುವ ಅವಕಾಶವೇ ಸಿಗುವುದಿಲ್ಲ. ಫ್ಯಾನಿನ ಸದ್ದಾದರೂ ಆದೀತು. ಹಾಡು, ಮಾತು ಬೇಡ, ಮನಸ್ಸು ಅದರ ಹಿಂದೆ ಹೊರಟುಬಿಡುತ್ತದೆ.

ಕಿವಿಮಾತು
ಇರುಳುಪಾಳಿ ಅವರು ಹೇಳಿದ ಬೆರೆಯುವ ಹಂತ ನಮ್ಮ ಚಿಕಿತ್ಸೆಯಲ್ಲೂ ಇದೆ. ಪಾವೆಲ್ ಯಾಸ್ಟ್ರೆಬಾಫ್ ಎಂಬ ವಿಜ್ಞಾನಿ 1990ರಲ್ಲಿ ಮುಂದಿಟ್ಟ ವಿವರಣೆಯ ಮೇಲೆ ನಿಂತ ಕ್ರಮವದು. ಸದ್ದಿಗಿಂತ ಅದರ ಬಗ್ಗೆ ಹುಟ್ಟುವ ಭಯವೇ ಅದನ್ನು ಗಮನದ ಮುಂದಕ್ಕೆ ತರುತ್ತದೆ ಎಂಬುದು ಅದರ ತಿರುಳು.

ಬೆಳ್ಳಿಚುಕ್ಕಿ
ಒಪ್ಪುವುದು ಕಷ್ಟ. ಕಿವಿಗೆ ವಿಶ್ರಾಂತಿ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನೀವು ಇನ್ನಷ್ಟು ಸದ್ದು ಹಾಕಿ ಎನ್ನುತ್ತೀರಿ.

ಪ್ರಶ್ನೆಗಾರ
1953ರ ಪ್ರಯೋಗವೊಂದಿದೆ. ಕಿವಿ ಚೆನ್ನಾಗಿ ಕೇಳುವ, ಮೊರೆತದ ದೂರೇ ಇಲ್ಲದ 80 ಜನರನ್ನು ಒಬ್ಬೊಬ್ಬರಾಗಿ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿನಲ್ಲೇ 94 ಶೇಕಡಾ ಜನ ಏನೋ ಗುಂಯ್ ಎನ್ನುತ್ತಿದೆ, ಮಿಡಿಯುತ್ತಿದೆ ಎಂದರು. ಪೂರ್ಣ ಮೌನದಲ್ಲಿ ಆರೋಗ್ಯವಂತರಿಗೇ ಹೀಗಾದರೆ, ಮೊರೆತ ಇರುವವರು ಮೌನಕ್ಕೆ ಹೋಗಿ ಗೆಲ್ಲುವುದು ಹೇಗೆ?

ಯಂತ್ರದಮನೆ
ವಿಶ್ರಾಂತಿ ಬೇಕಾದದ್ದು ಅಬ್ಬರದಿಂದ. ನಾನು ಯಂತ್ರಗಳ ನಡುವೆ ಕೆಲಸ ಮಾಡುವವನು. ನಮಗೆ ಕಲಿಸಿದ ಲೆಕ್ಕ ಇದು: 85 ಡೆಸಿಬಲ್ ಆದರೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧ. 100 ಡೆಸಿಬಲ್ ಇದ್ದಲ್ಲಿ 15 ನಿಮಿಷವೇ ಮಿತಿ. ಹೊಸ ಹುಡುಗರು ಕಿವಿಗೆ ರಕ್ಷಣೆ ಹಾಕದೆ ನಿಲ್ಲುವುದನ್ನು ಕಂಡರೆ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ. ಪಾಳಿ ಮುಗಿಸಿ ಹೊರಬಂದಾಗ ಕಿವಿ ಗುಂಯ್ ಎಂದರೆ ಅದೇ ಎಚ್ಚರಿಕೆ. ಬೆಳಗ್ಗೆ ಹೊತ್ತಿಗೆ ಹೋಯಿತಲ್ಲ ಎಂದು ಮರೆಯುತ್ತಾರೆ, ಒಂದು ದಿನ ಅದು ಹೋಗುವುದಿಲ್ಲ.

ತಾಳವಾದ್ಯ
ಇಯರ್‌ಫೋನ್ ಹಾಕಿಕೊಂಡು ನಿದ್ದೆ ಹೋಗುವವರಿಗೂ ಇದನ್ನು ಹೇಳಿ. ವೇದಿಕೆಯ ಮೇಲೆ ನುಡಿಸುವ ನಮ್ಮಂಥವರಿಗೆ ಸಂಗೀತಗಾರರ ಇಯರ್‌ಪ್ಲಗ್ ಸಿಗುತ್ತದೆ. ಸ್ವರ ಕೆಡುವುದಿಲ್ಲ, ಸದ್ದಿನ ಮಟ್ಟ ಮಾತ್ರ ಇಳಿಯುತ್ತದೆ. ಆದರೆ ಒಂದು ಮಾತು, ಅದನ್ನು ಹಾಕಬೇಕಾದದ್ದು ಅಬ್ಬರವಿರುವಲ್ಲಿ ಮಾತ್ರ. ನನ್ನ ಗೆಳೆಯನೊಬ್ಬ ಹೆದರಿ ದಿನವಿಡೀ, ಮನೆಯೊಳಗೂ ಹಾಕಿಕೊಂಡ. ಈಗ ಪಾತ್ರೆ ತಾಕಿದ ಸದ್ದೂ ಅವನಿಗೆ ಸಹಿಸಲಾಗುತ್ತಿಲ್ಲ.

ಬೆಳ್ಳಿಚುಕ್ಕಿ
ಹಿಂದಲೆಗೆ ತಟ್ಟುವುದನ್ನು ಯಾರಾದರೂ ಮಾಡಿದ್ದೀರಾ? ಅಂಗೈಗಳಿಂದ ಕಿವಿ ಮುಚ್ಚಿ, ಬೆರಳುಗಳಿಂದ ತಲೆಬುರುಡೆಯ ಬುಡಕ್ಕೆ ಟಪಟಪ ಬಡಿಯುವುದು.

ಇರುಳುಪಾಳಿ
ಮಾಡಿದ್ದೇನೆ. ಅರೆ ನಿಮಿಷ ತಿಳಿಯಾದಂತಾಗುತ್ತದೆ, ಮತ್ತೆ ಬರುತ್ತದೆ. ಹಾನಿಯಿಲ್ಲ, ಅದರಿಂದ ಹೆಚ್ಚೇನನ್ನೂ ನಿರೀಕ್ಷಿಸಬೇಡಿ.

ಕಿವಿಮಾತು
ದವಡೆ ಬಿಗಿದರೆ, ಕತ್ತು ತಿರುಗಿಸಿದರೆ ಸದ್ದಿನ ಏರಿಳಿತ ಬದಲಾಗುವುದು ಬಹಳ ಜನರಲ್ಲಿ ಕಾಣುತ್ತದೆ, ಕತ್ತು-ದವಡೆಯ ನರಗಳಿಗೂ ಶ್ರವಣದ ದಾರಿಗೂ ಸಂಪರ್ಕವಿದೆ. ನೀಲಿಶಾಯಿ ಅವರೇ, ರಾತ್ರಿ ಹಲ್ಲು ಕಡಿಯುತ್ತೀರಾ? ಬೆಳಗ್ಗೆ ಎದ್ದಾಗ ದವಡೆ ನೋಯುತ್ತದೆಯೇ? ಹಾಗಿದ್ದರೆ ದಂತವೈದ್ಯರಿಗೆ ತೋರಿಸಿ. ಅದು ಸರಿಯಾದರೆ ಕೆಲವರಿಗೆ ಮೊರೆತವೂ ತಗ್ಗುತ್ತದೆ.

ಮಲ್ಲಿಗೆಮೊಗ್ಗು
ನನ್ನದು ಗುಂಯ್ ಅಲ್ಲ. ಬಲಗಿವಿಯಲ್ಲಿ ಮಾತ್ರ ಧಪ್ ಧಪ್ ಎಂದು, ನಾಡಿ ಹಿಡಿದು ನೋಡಿದರೆ ಎರಡೂ ಒಂದೇ ಲಯ. ಮೆಟ್ಟಿಲು ಹತ್ತಿದರೆ ಜೋರಾಗುತ್ತದೆ. ಮಳೆಯ ಸದ್ದು ಹಾಕಿಕೊಂಡರೆ ಸಾಕೇ?

ಕಿವಿಮಾತು
ಸಾಲದು. ನಾಡಿಯ ಜೊತೆ ಮಿಡಿಯುವ ಸದ್ದು ಬೇರೆಯೇ ಜಾತಿಯದು. ರಕ್ತಹೀನತೆ, ಥೈರಾಯ್ಡ್, ಕಿವಿಯ ಬಳಿಯ ರಕ್ತನಾಳದ ತೊಂದರೆ, ತಲೆಬುರುಡೆಯೊಳಗಿನ ಒತ್ತಡ, ಹೀಗೆ ಕಾರಣ ಬಹಳ ಸಲ ಪತ್ತೆಯಾಗುತ್ತದೆ, ಅನೇಕ ಸಲ ಗುಣವೂ ಆಗುತ್ತದೆ. ಅದಕ್ಕಾಗಿಯೇ ಪರೀಕ್ಷೆ, ಸ್ಕ್ಯಾನ್ ಆಗಬೇಕು. ತಲೆನೋವು ಅಥವಾ ಕಣ್ಣು ಮಂಜಾಗುವುದು ಇದ್ದರೆ ತಡ ಮಾಡಲೇಬೇಡಿ. ಒಂದೇ ಕಿವಿಯಲ್ಲಿ ಬಿಡದೆ ಇರುವ ಗುಂಯ್ ಸದ್ದನ್ನೂ ತೋರಿಸಲೇಬೇಕು. ಶ್ರವಣ ನರದ ಮೇಲೆ ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ ಅಪರೂಪಕ್ಕೆ ಹೀಗೆ ಕಾಣಿಸಿಕೊಳ್ಳುತ್ತದೆ.

ಮಲ್ಲಿಗೆಮೊಗ್ಗು
ತಲೆನೋವು ಇದೆ. ನಾಳೆಯೇ ಹೋಗುತ್ತೇನೆ.

ಕಪ್ಪುಹಲಗೆ
ಇದನ್ನು ಬರೆಯಲು ಮನಸ್ಸು ಭಾರವಾಗುತ್ತದೆ, ಆದರೂ ಬರೆಯುತ್ತೇನೆ. ನನ್ನ ತಮ್ಮ ಒಂದು ಬೆಳಗ್ಗೆ ಎದ್ದಾಗ ಎಡಗಿವಿ ಕೇಳಿಸುತ್ತಿರಲಿಲ್ಲ, ಒಳಗೆ ಭೋರ್ಗರೆತ. ನೀರು ಹೋಗಿರಬೇಕು, ಶೀತವಾಗಿರಬೇಕು ಎಂದರು. ಬಿಸಿ ಎಣ್ಣೆ ಹಾಕಿದರು, ಹಬೆ ಕೊಟ್ಟರು, ವಾರಗಳು ಕಳೆದವು. ಕೊನೆಗೆ ತಜ್ಞರ ಬಳಿ ಹೋದಾಗ, ಇದು ದಿಢೀರ್ ಶ್ರವಣನಷ್ಟ, ಸ್ಟೀರಾಯ್ಡ್ ಶುರುವಿನಲ್ಲೇ ಕೊಡಬೇಕಿತ್ತು ಎಂದರು. ಆ ಕಿವಿ ಮರಳಲಿಲ್ಲ. ಇಂದಿಗೂ ಎಡಬದಿಯಲ್ಲಿ ಯಾರಾದರೂ ಕರೆದರೆ ಅವನು ತಿರುಗಿ ನೋಡುವುದಿಲ್ಲ. ಈ ವೇದಿಕೆಯಲ್ಲಿ ಮನೆಮದ್ದು ಕೇಳಲು ಬರುವ ಯಾರಿಗಾದರೂ ಕಿವಿ ಒಮ್ಮೆಲೇ ಮಂದವಾಗಿದ್ದರೆ, ಓದುವುದನ್ನು ಬಿಟ್ಟು ಈಗಲೇ ಹೊರಡಿ.

ಕಿವಿಮಾತು
ಕಪ್ಪುಹಲಗೆ ಅವರ ಮಾತನ್ನು ಎಲ್ಲರೂ ಗಮನಿಸಿ. ಮೊದಲ ಎರಡು ವಾರಗಳಲ್ಲಿ, ಅದರಲ್ಲೂ ಮೊದಲ ದಿನಗಳಲ್ಲಿ ಚಿಕಿತ್ಸೆ ಶುರುವಾದರೆ ಕಿವಿ ಮರಳುವ ಸಾಧ್ಯತೆ ಹೆಚ್ಚು.

ಹಸಿರುಬಾಗಿಲು
ಕಪ್ಪುಹಲಗೆ ಅವರೇ, ಓದಿ ಬಹಳ ಸಂಕಟವಾಯಿತು. ಎಣ್ಣೆ ಹಾಕಿ ಎಂದು ಬರೆಯುವವರು ಕಿವಿ ಮಂದವಾಗಿದೆಯೇ ಎಂದು ಮೊದಲು ಕೇಳಬೇಕು, ಇದನ್ನು ಒಪ್ಪುತ್ತೇನೆ. ಮನೆಯಲ್ಲಿ ಮಾಡುವುದೆಲ್ಲ ವ್ಯರ್ಥ ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಇರುಳುಪಾಳಿ ಅವರು ಹೇಳಿದ್ದೂ ಮನೆಮದ್ದೇ.

ನೀಲಿಶಾಯಿ
ಕಿವಿ ಮಂದವಾಗಿಲ್ಲ, ದವಡೆ ನೋವೂ ಇಲ್ಲ. ಒಬ್ಬ ಪರಿಚಿತರು ಮನೋವೈದ್ಯರನ್ನು ನೋಡು ಎಂದರು. ಇದು ಮನಸ್ಸಿನ ಕಾಯಿಲೆ ಎಂದು ಅರ್ಥವೇ? ನನಗೆ ಬೇಸರವಾಯಿತು.

ಪ್ರಶ್ನೆಗಾರ
ಅಲ್ಲವೇ ಅಲ್ಲ. ಅವರು ಹೇಳಿದ್ದು ಬಹುಶಃ ಸಿಬಿಟಿ ಎಂಬ ಆಪ್ತಸಮಾಲೋಚನೆಯ ಕ್ರಮ. 2020ರ ಕಾಕ್ರೇನ್ ವಿಮರ್ಶೆ 28 ಪ್ರಯೋಗಗಳನ್ನು ನೋಡಿ, ಕಿವಿಮೊರೆತ ಬದುಕಿನ ಮೇಲೆ ಬೀರುವ ಪೆಟ್ಟನ್ನು ಅದು ತಗ್ಗಿಸುತ್ತದೆ ಎಂದಿತು. ಎಲೆ, ಬೇರು, ಮಾತ್ರೆ ಯಾವುದಕ್ಕೂ ಸಿಗದ ಆಧಾರ ಇದಕ್ಕೆ ಸಿಕ್ಕಿದೆ.

ಕಡಲದಂಡೆ
ಸದ್ದು ಕಡಿಮೆಯಾಗುತ್ತದೆಯೇ, ಇಲ್ಲವೇ? ಅದನ್ನು ಹೇಳಿ.

ಇರುಳುಪಾಳಿ
ಸದ್ದು ಹಾಗೆಯೇ ಇರಬಹುದು, ಅದು ಕಾಡುವುದು ಕಡಿಮೆಯಾಗುತ್ತದೆ. ಇದು ಸಮಾಧಾನದ ಮಾತು ಎಂದು ತಿಳಿಯಬೇಡಿ. ಸದ್ದು ಕೇಳಿದೊಡನೆ "ಇನ್ನು ನಿದ್ದೆ ಬರುವುದಿಲ್ಲ, ನಾಳೆ ಕೆಲಸ ಕೆಡುತ್ತದೆ, ಕಿವುಡನಾಗುತ್ತೇನೆ" ಎಂಬ ಸರಪಳಿ ಓಡುತ್ತದೆಯಲ್ಲ, ಆ ಸರಪಳಿಯನ್ನು ಕಡಿಯುವುದನ್ನು ಕಲಿಸುತ್ತಾರೆ. ಕಡಿದ ಮೇಲೆ ಸದ್ದು ಇದ್ದೂ ಇಲ್ಲದಂತಾಗುತ್ತದೆ. ಇದರ ಜೊತೆ ಬದುಕಲು ಕಲಿಯಿರಿ ಎಂದು ಒಂದೇ ಸಾಲಿನಲ್ಲಿ ಹೇಳಿ ಕಳುಹಿಸುವವರ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಕಲಿಸುವ ವಿಧಾನ ಇದೆ, ಅದನ್ನು ಹೇಳದೆ ಕಳುಹಿಸಬಾರದು.

ತಾಳವಾದ್ಯ
ನಾಲಿಗೆಗೆ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಾ ಕಿವಿಗೆ ಸದ್ದು ಕೇಳಿಸುವ ಸಾಧನವೊಂದಕ್ಕೆ 2023ರಲ್ಲಿ ಎಫ್‌ಡಿಎ ಅನುಮತಿ ಕೊಟ್ಟಿತಲ್ಲ?

ಪ್ರಶ್ನೆಗಾರ
ಕೊಟ್ಟಿದೆ. ಅದು ಮನೆಮದ್ದಲ್ಲ, ತಜ್ಞರ ಮೂಲಕವೇ ಪಡೆಯಬೇಕಾದದ್ದು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ.

ಕಿವಿಮಾತು
ನೀಲಿಶಾಯಿ ಅವರೇ, ಶ್ರವಣ ಪರೀಕ್ಷೆ ಆಯಿತೇ? ಬೆಳಕು ಬಿಟ್ಟು ನೋಡುವುದು ಶ್ರವಣ ಪರೀಕ್ಷೆಯಲ್ಲ. ಕೇಳುವಿಕೆ ಚೆನ್ನಾಗಿದೆ ಎಂದುಕೊಂಡವರಲ್ಲೂ ಏರುದನಿಗಳು ಕುಗ್ಗಿರುವುದು ಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ. ಕುಗ್ಗಿದ್ದರೆ ಶ್ರವಣ ಸಾಧನ ಹಾಕಿದಾಗ ಅನೇಕರಿಗೆ ಮೊರೆತವೂ ಹಿಂದೆ ಸರಿಯುತ್ತದೆ.

ನೀಲಿಶಾಯಿ
ಆ ಪರೀಕ್ಷೆ ಮಾಡಿಲ್ಲ, ಕೇಳಿ ಮಾಡಿಸುತ್ತೇನೆ. ನಿನ್ನೆ ರಾತ್ರಿ ಮಳೆಯ ಸದ್ದು ಹಾಕಿ ನೋಡಿದೆ. ಬೆರೆಯುವ ಹಂತ ಸಿಕ್ಕಿತು, ಎಷ್ಟೋ ಹಗುರವಾಯಿತು. ಆದರೆ ಪಕ್ಕದಲ್ಲಿ ಮಲಗುವವರಿಗೆ ಆ ಸದ್ದಿನಿಂದ ನಿದ್ದೆ ಬರಲಿಲ್ಲ. ಅರ್ಧ ಗಂಟೆಗೆ ನಿಲ್ಲುವಂತೆ ಟೈಮರ್ ಇಟ್ಟೆ, ಅದು ನಿಂತ ಸ್ವಲ್ಪ ಹೊತ್ತಿಗೆ ನನಗೆ ಎಚ್ಚರವಾಯಿತು.

ಇರುಳುಪಾಳಿ
ಟೈಮರ್ ತೆಗೆದುಬಿಡಿ, ರಾತ್ರಿಯಿಡೀ ಇರಲಿ. ಸದ್ದು ನಿಂತಾಗ ಕೋಣೆ ಒಮ್ಮೆಲೇ ಖಾಲಿಯಾಗುತ್ತದೆ, ಮೊರೆತ ಎದ್ದು ನಿಲ್ಲುತ್ತದೆ, ಎಚ್ಚರವಾಗುವುದು ಅದಕ್ಕೆ. ಪಕ್ಕದವರಿಗಾಗಿ ದಿಂಬಿನ ಕೆಳಗೆ ಇಡುವ ಚಪ್ಪಟೆ ಸ್ಪೀಕರ್ ಸಿಗುತ್ತದೆ, ತಲೆಯಿಟ್ಟವರಿಗಷ್ಟೇ ಕೇಳಿಸುತ್ತದೆ. ಇಯರ್‌ಫೋನ್ ಮಾತ್ರ ಹಾಕಿಕೊಂಡು ಮಲಗಬೇಡಿ.